ಅಳತೆಗೋಲು

ಅರೊಸಾ ಕೊಲ್ಲಿಯ ನೀರು ಇಳಿದಾಗೆಲ್ಲ
ಮೂವತ್ತೊಂದು ವರ್ಷ ಬಗ್ಗಿ ದುಡಿದಿದ್ದೇನೆ
ಮೊಣಕಾಲುದ್ದದ ಕೆಸರಲ್ಲಿ, ಕುಂಟೆ ಹಿಡಿದು.
ನನ್ನ ಹೆಸರು ಎರುಂದಿನಾ. ಚಿಪ್ಪು ಹೆಕ್ಕುವವಳು.
ಪರವಾನಗಿ ಇದೆ, ಸೊಂಟನೋವು ಇದೆ,
ಗಂಡ ಇದ್ದಾನೆ, ಟೀವಿ ಮುಂದೆ.

ನಯದ್ದು, ಕೆಂಪಿನದು, ಲೋಳೆಯದು,
ಯಾವ ಚಿಪ್ಪೆಂದು ಕಣ್ಣು ಮುಚ್ಚಿ ಬೆರಳಲ್ಲೇ ಹೇಳಬಲ್ಲೆ.
ಇನ್ನೊಂದು ಚಿಪ್ಪಿದೆ, ನಮ್ಮ ತಮಾಷೆಯದು.
ಸಬೇಲಾ ಶುರುಮಾಡಿದಳೆಂದರೆ
ನಲವತ್ತು ಹೆಂಗಸರು ಬಕೆಟ್ಟು ತಟ್ಟಿ ನಗುತ್ತೇವೆ:
ಯಾರದು ಬಾಯಿ ಬಿಟ್ಟಿತು, ಯಾರದು ಇನ್ನೂ ಬಿಗಿ,
ಯಾರದಕ್ಕೆ ನಿಂಬೆ ಹಿಂಡುವವರಿಲ್ಲ.
ದಡದಲ್ಲಿ ಪಾದ್ರಿ ಹಾದುಹೋದರೆ ಇನ್ನೂ ಜೋರಾಗಿ.

ಅದೇ ಜಾಗ ತುರಿಸತೊಡಗಿದಾಗ ಮಾತ್ರ
ಒಂದು ಹೆಸರೂ ನಾಲಿಗೆಗೆ ಬರಲಿಲ್ಲ.

ಉಪ್ಪು ಅಂದುಕೊಂಡೆ. ರಬ್ಬರು ಚಡ್ಡಿ ಅಂದುಕೊಂಡೆ.
ಮುಟ್ಟು ನಿಂತ ಮೇಲಿನ ಒಣಗು ಅಂದುಕೊಂಡೆ.
ಸೋಪು ಬದಲಾಯಿಸಿ ಸೋಪನ್ನು ಬೈದೆ.
ಆರು ವರ್ಷ. ರಾತ್ರಿ ಎರಡಕ್ಕೆ ಎದ್ದು
ಬಚ್ಚಲುತೊಟ್ಟಿಯ ತಣ್ಣನೆಯ ಅಂಚಿನಲ್ಲಿ ಕೂತು
ಒದ್ದೆ ಬಟ್ಟೆ ಒತ್ತಿಕೊಂಡೆ. ಬಾಗಿಲಾಚೆಯಿಂದ ಗಂಡ
ಏನೇ ಅದು ಅಂದರೆ, ಹೊಟ್ಟೆ, ಅಂದೆ.
ಪಾಪದ ಹೊಟ್ಟೆಗೆ ಎಷ್ಟು ಸುಳ್ಳು ಹೊರಿಸಿದೆ!

ಅಮ್ಮ ಸತ್ತಾಗ ಮೈ ತೊಳೆದವಳು ನಾನು.
ಸೊಂಟದ ಕೆಳಗೆ ಬರುತ್ತಲೇ ಚಿಕ್ಕಮ್ಮ ಕೈ ಸರಿಸಿದಳು,
ಅಲ್ಲಿ ನಾನು ನೋಡ್ಕೋತೀನಿ, ನೀನು ಕೂದಲು ಬಾಚು.
ಕರ್ಪೂರದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ.
ಸಾವಿನ ಕಾಗದದಲ್ಲಿ ಬರೆದದ್ದು: ಹೃದಯ.

ಪೊಂತೆವೆದ್ರಾದ ಆಸ್ಪತ್ರೆಯಲ್ಲಿ ಡಾಕ್ಟರು,
ಇರಿಯಾ ಅಂತ, ನನ್ನ ಮಗಳಿಗಿಂತ ಚಿಕ್ಕವಳು,
ಕೈಗೆ ಕನ್ನಡಿ ಕೊಟ್ಟಳು. ನೋಡಿ, ಅಂದಳು.
ಅರವತ್ತೆರಡು ವರ್ಷಕ್ಕೆ ಮೊದಲ ಭೇಟಿ.
ಬೆಳ್ಳಗೆ, ಸಿಗರೇಟು ಕಾಗದದಂತೆ ಸುಕ್ಕಾದ ಚರ್ಮ,
ಒಳತುಟಿಗಳು ಕರಗಿ ಅಂಚು ಮರೆತಿದ್ದವು,
ಎಡಗಡೆ ಒರಟಾದ ಒಂದು ಉಬ್ಬು.
ಇದು ಭಗ, ಅಂದಳು,
ಇದು ಮೇಜು ಎನ್ನುವಷ್ಟು ಸಲೀಸಾಗಿ.

ಚೂರು ಕತ್ತರಿಸಿ ಕಳಿಸಿ, ಹನ್ನೊಂದು ದಿನದ ಮೇಲೆ:
ಬಿಳಿಯದು ಹಳೆಯ ಚರ್ಮರೋಗ, ಮುಲಾಮಿಗೆ ಬಗ್ಗುತ್ತದೆ.
ಉಬ್ಬಿದ್ದು ಬೇರೆ. ಇನ್ನೂ ಕ್ಯಾನ್ಸರ್ ಆಗಿಲ್ಲ.
ಆಗಲು ಹೊರಟಿದೆ.
ಏಳು ಮಿಲಿಮೀಟರ್.

ನನಗೆ ನಗು ಬಂತು. ನಮ್ಮ ಸೊಂಟಕ್ಕೂ
ಒಂದು ಅಳತೆಗೋಲು ತೂಗುತ್ತಿರುತ್ತದೆ,
ಅದರ ಕಂಡಿಯಲ್ಲಿ ತೂರಿದ ಚಿಪ್ಪು ಮರಳಿಗೇ ವಾಪಸ್ಸು,
ಬೆಳೆಯಲಿ ಎಂದು. ತಪ್ಪಿದರೆ ದಂಡ.
ಚಿಕ್ಕದಲ್ಲವಾ, ಬಿಟ್ಟುಬಿಡೋಣ, ಅಂದೆ.
ಅವಳೂ ಕಡಲೂರಿನವಳೇ.
ಇಲ್ಲಿ ಲೆಕ್ಕ ತಿರುವುಮುರುವು, ಎರುಂದಿನಾ,
ಚಿಕ್ಕದನ್ನೇ ತೆಗೆಯೋದು.
ಬೆಳೆಯಲು ಬಿಟ್ಟವರನ್ನೂ ನೋಡಿದ್ದೇನೆ.

ತೆಗೆದರು. ಸುತ್ತಲಿನ ಒಳ್ಳೆಯ ಚರ್ಮವನ್ನೂ ಒಂದಿಷ್ಟು,
ಸಾಕ್ಷಿಗೆ ಎಳೆದೊಯ್ದ ಹಾಗೆ.
ಮೂರು ವಾರ ಕೂರಲಾರದೆ ನಿಂತೇ ಸೂಪು ಕುಡಿದೆ.
ಹೊಲಿಗೆಗೆ ಉಚ್ಚೆ ತಾಗಿದಾಗ ಊರಿನ ಎಲ್ಲ ಸಂತರನ್ನೂ
ಹೆಸರು ಹಿಡಿದು ಕೂಗಿದೆ.
ಗಂಟಲಿಗೊಬ್ಬ, ಕಣ್ಣಿಗೊಬ್ಬಳು, ಹಲ್ಲಿಗೂ ಒಬ್ಬಳು,
ಆ ಕಡೆಯ ಖಾತೆ ಯಾರಿಗೂ ಕೊಟ್ಟಿರಲಿಲ್ಲ.
ಗಂಡ ಟೀವಿ ಆರಿಸಿದ. ಬಹಳ ಹೊತ್ತಿನ ಮೇಲೆ
ನೋವಾಯ್ತಾ, ಅಂದ.

ಅಕ್ಟೋಬರಿನಲ್ಲಿ ಮತ್ತೆ ಕೆಸರಿಗಿಳಿದೆ.
ಸಬೇಲಾ ಹಳೆಯ ತಮಾಷೆ ಎತ್ತಿದಳು, ಬಕೆಟ್ಟು ಸದ್ದಾದವು.
ನಾನು ಕುಂಟೆಗೆ ಒರಗಿ ನಿಂತು ಹೇಳಿದೆ:
ಭಗ. ನನ್ನದು. ಎಡಗಡೆ ಇಷ್ಟು ಕತ್ತರಿಸಿದರು.
ಬೆರಳಲ್ಲಿ ಅಳತೆ ತೋರಿಸಿದೆ.
ನಲವತ್ತು ಹೆಂಗಸರು. ಒಂದು ಕಡಲಹಕ್ಕಿ.
ನೀರು ಆಗಲೇ ತಿರುಗುತ್ತಿತ್ತು,
ಎಲ್ಲರೂ ಅವರವರ ಕೆಸರಿಗೆ ಬಗ್ಗಿದರು.

ತೂಕಕ್ಕೆ ಸಾಲು ನಿಂತಾಗ ಹಿಂದಿನಿಂದ ಬಂದು
ಸಬೇಲಾ, ಆ ದೊಡ್ಡ ಗಂಟಲಿನವಳು,
ನನ್ನ ಒದ್ದೆ ತೋಳು ಹಿಡಿದಳು.
ತುರಿಕೆ, ರಾತ್ರಿ ಹೊತ್ತೇ ಜಾಸ್ತಿಯಾ?

ಗುರುವಾರ, ಏಳು ನಲವತ್ತರ ಬಸ್ಸು, ಅಂದೆ.
ನನಗೂ ಅಂದೇ ತಪಾಸಣೆ.
ಕಿಟಕಿ ಸೀಟು ನಿನಗೆ.